ಕೆಮ್ಮು ಮುಚ್ಚಿಡುವ ಕಾಯಿಲೆಯೂ ಕೈಯಲ್ಲಿರುವ ಮೊಬೈಲೂ



ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಓದಿ, ಆಸ್ಪತ್ರೆಯ ಕಾಗದಪತ್ರಗಳೊಡನೆ ತಾಳೆ ನೋಡಿ ಸಮಿತಿಯ ಮುಂದಿಡುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಾಲದ ಅರ್ಜಿ ಓದಿದವನಿಗೆ ಈ ಕೆಲಸ ಹೊಸದಲ್ಲ. ಆದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸ್ತನ ಕ್ಯಾನ್ಸರ್, ರಕ್ತದ ಕ್ಯಾನ್ಸರ್ ಆದವರ ಮನೆಯವರು ಕಾಯಿಲೆಯ ಹೆಸರನ್ನು ನೇರವಾಗಿ ಬರೆಯುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ಆದವರ ಅರ್ಜಿಯಲ್ಲಿ ಮಾತ್ರ ‘ಎದೆಯ ತೊಂದರೆ’, ‘ಉಸಿರಾಟದ ಸಮಸ್ಯೆ’ ಎಂದಿರುತ್ತದೆ. ಜೊತೆಗೆ ಲಗತ್ತಿಸಿದ ಬಯಾಪ್ಸಿ ವರದಿ ತೆರೆದಾಗಲೇ ನಿಜ ಗೊತ್ತಾಗುವುದು. ಕೆಲವರು, ಯಾರೂ ಕೇಳದಿದ್ದರೂ, ಅರ್ಜಿಯ ಕೊನೆಗೆ ಒಂದು ಸಾಲು ಸೇರಿಸಿರುತ್ತಾರೆ: ‘ಇವರಿಗೆ ಯಾವ ಚಟವೂ ಇಲ್ಲ.’

ಆ ಸಾಲನ್ನು ಏಕೆ ಬರೆಯಬೇಕಾಗುತ್ತದೆ, ಅದರ ಹಿಂದಿನ ಅಂಜಿಕೆಯಿಂದ ಚಿಕಿತ್ಸೆಗೆ ಆಗುವ ನಷ್ಟವೇನು, ಇಂದು ಮನೆಗೊಂದಾದರೂ ಇರುವ ಮೊಬೈಲ್ ಫೋನು ಇದರಲ್ಲಿ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದೀತು ಎಂಬುದನ್ನು ಓದಿ ತಿಳಿದುಕೊಂಡಷ್ಟು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಔಷಧದ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಅಂತಿಮ.

ಪುಸ್ತಕದ ಕನ್ನಡದಲ್ಲಿ ಇದನ್ನು ‘ಕಳಂಕ’ ಎನ್ನುತ್ತಾರೆ. ಮನೆಯಲ್ಲಿ ಯಾರೂ ಆ ಪದ ಬಳಸುವುದಿಲ್ಲ. ‘ಜನ ಏನಂದಾರು’ ಎನ್ನುತ್ತಾರೆ. ಜನ ಅನ್ನುವುದೂ ನಮಗೆಲ್ಲ ಗೊತ್ತಿರುವುದೇ: ಮಾಡಿದ್ದುಣ್ಣೋ ಮಹಾರಾಯ. ಹೃದಯಾಘಾತವಾದವರನ್ನು ನೋಡಲು ಹೋದಾಗ ‘ಎಷ್ಟು ಗೋಳಿಬಜೆ ತಿಂದಿರಿ?’ ಎಂದು ನಾವು ಕೇಳುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ಮಾತ್ರ ಮೊದಲ ಪ್ರಶ್ನೆ, ‘ಬೀಡಿ-ಸಿಗರೇಟು ಇತ್ತಾ?’ ಇದ್ದರೆ, ಅನುಕಂಪ ಅಲ್ಲಿಗೇ ಅರ್ಧವಾಗುತ್ತದೆ. ಇಲ್ಲ ಎಂದರೂ ಕೇಳಿದವರ ಮುಖದಲ್ಲಿ ಪೂರ್ತಿ ನಂಬಿಕೆ ಬರುವುದಿಲ್ಲ.

ಈ ಪ್ರಶ್ನೆ ಗಾಳಿಯಿಂದ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಧೂಮಪಾನಕ್ಕೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿದರು. ತಂಬಾಕೇ ಇದರ ಅತಿದೊಡ್ಡ ಕಾರಣ ಎಂಬುದರಲ್ಲಿ ಇಂದು ಎರಡು ಮಾತಿಲ್ಲ. ನಮ್ಮ ದೇಶದಲ್ಲೂ 2003ರ ಕಾಯ್ದೆ ಬಂತು, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ಬಿಗಿಯಾಗಿ ನಿಷೇಧಿಸಲಾಯಿತು, 2009ರಿಂದ ಪೊಟ್ಟಣಗಳ ಮೇಲೆ ಚಿತ್ರದ ಎಚ್ಚರಿಕೆ ಬಂತು. ಇವೆಲ್ಲ ಆಗಲೇಬೇಕಿತ್ತು. ಆದರೆ ಸಿನಿಮಾ ಶುರುವಾಗುವ ಮುನ್ನ ಪರದೆಯ ಮೇಲೆ ಬರುವ ಎಚ್ಚರಿಕೆಯನ್ನು, ಆಗಲೇ ಕಾಯಿಲೆಯಾಗಿರುವವರು ನಮ್ಮ ಪಕ್ಕದ ಸೀಟಿನಲ್ಲಿ ಕುಳಿತು ಹೇಗೆ ನೋಡುತ್ತಾರೆ ಎಂದು ಯಾರೂ ಯೋಚಿಸಲಿಲ್ಲ.

ಸೇದದವರಿಗೂ ಇದು ಬರುತ್ತದೆ. ಜಪಾನಿನಲ್ಲಿ ತಕೇಶಿ ಹಿರಾಯಾಮ ಅವರು ಸ್ವತಃ ಸೇದದ 91,540 ಗೃಹಿಣಿಯರನ್ನು ವರ್ಷಗಟ್ಟಲೆ ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚು ಎಂದು 1981ರಲ್ಲಿ ಪ್ರಕಟಿಸಿದರು. ಚೀನಾದ ಯುನ್ನಾನ್ ಪ್ರಾಂತ್ಯದ ಶುವಾನ್ವೆಯಲ್ಲಿ ಹೊಗೆ ಕಾರುವ ಕಲ್ಲಿದ್ದಲಿನಲ್ಲಿ ಅಡುಗೆ ಮಾಡುತ್ತಿದ್ದ, ಒಮ್ಮೆಯೂ ಸಿಗರೇಟು ಮುಟ್ಟದ ಹೆಂಗಸರಲ್ಲಿ ಈ ಕಾಯಿಲೆ ವಿಪರೀತವಾಗಿತ್ತು. ಒಲೆಗೆ ಹೊಗೆಕೊಳವೆ ಕೂಡಿಸಿದ ಮನೆಗಳಲ್ಲಿ ಮುಂದಿನ ವರ್ಷಗಳಲ್ಲಿ ಅದು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನೂ, 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಕಲ್ನಾರಿನ ಧೂಳು ಮೊದಲೇ ಆ ಪಟ್ಟಿಯಲ್ಲಿತ್ತು. ಸೌದೆ ಒಲೆಯ ಮುಂದೆ ಹರೆಯ ಕಳೆದು ಮದುವೆಯಾಗಿ ಮುಂಬಯಿಗೆ ಬಂದ ನಮ್ಮ ತಾಯಂದಿರನ್ನು, ಹೋಟೆಲಿನ ಭಟ್ಟಿಯ ಮುಂದೆ ದುಡಿದವರನ್ನು, ಹಗಲಿಡೀ ಹೆದ್ದಾರಿಯಲ್ಲಿ ಟೆಂಪೊ ಓಡಿಸುವವರನ್ನು ನೆನೆದರೆ ಈ ಪಟ್ಟಿ ದೂರದ್ದೆನಿಸುವುದಿಲ್ಲ. ಏಷ್ಯಾದವರಲ್ಲಿ, ಅದರಲ್ಲೂ ಎಂದೂ ಸೇದದ ಮಹಿಳೆಯರಲ್ಲಿ, ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆಯಿಂದ ಬರುವ ಬಗೆ ಹೆಚ್ಚಾಗಿ ಕಾಣುತ್ತದೆ. ಅದಕ್ಕೆ ಬಾಯಿಂದ ನುಂಗುವ ಮಾತ್ರೆಗಳೇ ಇವೆ.

ಹಾಗಿದ್ದರೆ ‘ಸೇದದವರಿಗೂ ಬರುತ್ತದೆ’ ಎಂದು ಸಾರಿದರೆ ಕಳಂಕ ಹೋದೀತೇ? ಅರ್ಧ ಮಾತ್ರ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರಿಂದ ಸೇದದವರು ‘ಪಾಪ’ದವರಾಗುತ್ತಾರೆ, ಸೇದಿದವರು ಇನ್ನಷ್ಟು ಅಪರಾಧಿಗಳಾಗುತ್ತಾರೆ. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಕ್ಯಾಂಟೀನಿನ ರಾತ್ರಿಪಾಳಿಯಲ್ಲಿ ನಿದ್ದೆ ತಡೆಯಲು ಬೀಡಿ ಕಲಿತವನ ನೋವು ಬೇರೆಯವರ ನೋವಿಗಿಂತ ಕಡಿಮೆಯದಲ್ಲ. ಅವನ ಹೆಂಡತಿ-ಮಕ್ಕಳಂತೂ ಏನೂ ಸೇದಿಲ್ಲ.

ಬ್ರಿಟನ್ನಿನಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮಂಥ ಸಂಘಗಳವರು ಓದಬೇಕಾದದ್ದು. ಆಲಿಸನ್ ಚಾಪಲ್ ಮತ್ತು ಸಂಗಡಿಗರು 45 ಮಂದಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಜೊತೆ ಕುಳಿತು ಮಾತನಾಡಿದರು. ಮನೆಯವರು, ಸ್ನೇಹಿತರು, ಕೊನೆಗೆ ವೈದ್ಯರ ಜೊತೆಗಿನ ಸಂಬಂಧವೂ ಈ ಕಳಂಕದಿಂದ ಕೆಟ್ಟದ್ದನ್ನು ಅವರು ಹೇಳಿಕೊಂಡರು. ಎಷ್ಟೋ ವರ್ಷದ ಹಿಂದೆಯೇ ಬಿಟ್ಟವರು, ಎಂದೂ ಸೇದದವರು, ವಿನಾಕಾರಣ ದೂಷಣೆಗೆ ಒಳಗಾದೆವು ಎಂದರು. ಕೆಲವರು ಕಾಯಿಲೆಯನ್ನೇ ಮುಚ್ಚಿಟ್ಟರು. ಅದರಿಂದ ಸಿಗಬಹುದಾಗಿದ್ದ ಹಣಕಾಸಿನ ನೆರವೂ ಕೆಲವರಿಗೆ ತಪ್ಪಿತು. ನಮ್ಮ ಅರ್ಜಿಗಳಲ್ಲಿ ನಾನು ನೋಡುತ್ತಿರುವುದೂ ಇದನ್ನೇ. ಅಮೆರಿಕದ ಹೈಡಿ ಹಾಮನ್ ಅವರ ತಂಡ 2018ರಲ್ಲಿ ಈ ಕಳಂಕವನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನೇ ಸಿದ್ಧಪಡಿಸಿತು. ಅದರಲ್ಲಿ ಮೂರು ಭಾಗ: ಇತರರು ದೂಷಿಸುತ್ತಾರೆಂಬ ಅನುಭವ, ತನ್ನನ್ನು ತಾನೇ ದೂಷಿಸಿಕೊಳ್ಳುವುದು, ಕಾಯಿಲೆಯ ಬಗ್ಗೆ ಹೇಳಿಕೊಳ್ಳಲಾಗದೆ ಒಳಗೇ ಇಟ್ಟುಕೊಳ್ಳುವುದು. ಮೊದಲನೆಯದನ್ನು ಸರಿಪಡಿಸಬೇಕಾದವರು ನಾವು. ಮೂರನೆಯದರಲ್ಲಿ ಮೊಬೈಲ್ ಸಹಾಯ ಮಾಡಬಲ್ಲದು; ಎರಡನೆಯದರಲ್ಲಿ ಸ್ವಲ್ಪ.

ಹೇಗೆಂದು ಬ್ಯಾಂಕಿನ ಉದಾಹರಣೆಯಿಂದ ಹೇಳುತ್ತೇನೆ. ಸಾಲದ ಎರಡು ಕಂತು ತಪ್ಪಿದವರು ಶಾಖೆಯ ಕಡೆ ಸುಳಿಯುವುದಿಲ್ಲ. ಮ್ಯಾನೇಜರು ಎದುರು ಬಂದರೆ ರಸ್ತೆ ದಾಟುತ್ತಾರೆ. ಆಗಲೇ ಬಂದು ಹೇಳಿದ್ದರೆ ಕಂತು ಮರುಹೊಂದಿಸಿ ಕೊಡಬಹುದಿತ್ತು. ನೋಟಿಸು ಹೋದ ಮೇಲೆ ಬಂದರೆ ನಮ್ಮ ಕೈಯಲ್ಲೂ ಇರುವುದಿಲ್ಲ. ಎಟಿಎಂ ಬಂದ ಹೊಸತರಲ್ಲಿ ನಾನು ಗಮನಿಸಿದ ಇನ್ನೊಂದು ಸಂಗತಿ: ಕೌಂಟರಿನಲ್ಲಿ ನೂರು ರೂಪಾಯಿಯ ಚೀಟಿ ಕೊಡಲು ನಾಚುತ್ತಿದ್ದವರು ಯಂತ್ರದಿಂದ ನಿಸ್ಸಂಕೋಚವಾಗಿ ನೂರು ತೆಗೆಯುತ್ತಿದ್ದರು. ಯಂತ್ರ ಹುಬ್ಬು ಏರಿಸುವುದಿಲ್ಲ. ಇದು ನನ್ನ ಊಹೆಯಷ್ಟೇ ಅಲ್ಲ. 1998ರಲ್ಲಿ ಅಮೆರಿಕದಲ್ಲಿ ಹದಿಹರೆಯದ ಹುಡುಗರಿಗೆ ಮುಜುಗರದ ಪ್ರಶ್ನೆಗಳನ್ನು ಕೇಳಿದ ಒಂದು ಸಮೀಕ್ಷೆ ನಡೆಯಿತು. ಕಾಗದದ ಫಾರಂ ತುಂಬಿದವರಿಗಿಂತ, ಹೆಡ್‌ಫೋನಿನಲ್ಲಿ ಪ್ರಶ್ನೆ ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಉತ್ತರ ಒತ್ತಿದವರು ಹೆಚ್ಚು ನಿಜ ಹೇಳಿದ್ದರು.

ಕಾಯಿಲೆಯಲ್ಲೂ ಹೀಗೆಯೇ. ನಮ್ಮ ಊರ ಕಡೆಯ ಒಬ್ಬ ಅಕ್ಕ, ಬೀಡಿ-ಸಿಗರೇಟಿನ ಗಂಧಗಾಳಿ ಇಲ್ಲದವರು. ಮೊದಲು ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ತಿಂದರು. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ, ಎಕ್ಸ್‌-ರೇಯಲ್ಲಿ ಎರಡೂ ಒಂದೇ ಬಗೆಯಾಗಿ ಕಾಣಬಹುದು. ಆಮೇಲೆ ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರ ಮುಂದೆ ಕೂತಾಗಲೆಲ್ಲ ಅವರದು ಒಂದೇ ಮಾತು, ‘ಆರಾಮ ಇದ್ದೇನೆ.’ ಆಸ್ಪತ್ರೆಯವರು ವಾರಕ್ಕೊಮ್ಮೆ ಮೊಬೈಲಿಗೆ ಕಳಿಸುತ್ತಿದ್ದ ಪ್ರಶ್ನೆಗಳಿಗೆ ಮೊಮ್ಮಗಳ ಸಹಾಯದಿಂದ ಉತ್ತರ ಒತ್ತಲು ಶುರು ಮಾಡಿದ ಮೇಲೆ ತಿಳಿಯಿತು: ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ‘ಅಕ್ಕ, ಡಾಕ್ಟರ ಹತ್ತಿರ ಯಾಕೆ ಹೇಳಲಿಲ್ಲ?’ ಎಂದು ಕೇಳಿದೆ. ‘ಮಗ ರಜೆ ಹಾಕಿ ಪಕ್ಕದಲ್ಲಿ ಕೂತಿರ್ತಾನೆ ಮಾರಾಯ್ರೆ. ನಾನು ಒಂದು ನೋವು ಹೇಳಿದ್ರೆ ಅವ್ರು ಒಂದು ಟೆಸ್ಟ್ ಬರೀತಾರೆ. ಅದೂ ಅಲ್ಲದೆ ಕೆಮ್ಮಿದ ಕೂಡಲೆ ಅಲ್ಲಿ ಸಾಲಿನಲ್ಲಿ ಕೂತವ್ರೆಲ್ಲ ತಿರುಗಿ ನೋಡ್ತಾರೆ’ ಎಂದರು.

ಹೀಗೆ ವಾರವಾರ ಹೇಳಿಕೊಂಡರೆ ಆಗುವ ಲಾಭಕ್ಕೆ ಲೆಕ್ಕವಿದೆ. ಫ್ರಾನ್ಸಿನಲ್ಲಿ ಡಾ. ಫ್ಯಾಬ್ರಿಸ್ ದೆನಿ ಅವರ ತಂಡ, ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದ್ದ 121 ಮಂದಿಯನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎಂದಿನಂತೆ ಸ್ಕ್ಯಾನ್ ಮತ್ತು ತಪಾಸಣೆ. ಇನ್ನೊಂದು ಗುಂಪಿನವರು ಮನೆಯಿಂದಲೇ ಪ್ರತಿ ವಾರ ಇಂಟರ್ನೆಟ್ಟಿನ ಒಂದು ಪ್ರಶ್ನಾವಳಿ ತುಂಬಬೇಕು: ತೂಕ, ಹಸಿವು, ದಣಿವು, ನೋವು, ಕೆಮ್ಮು, ಉಸಿರಾಟ, ಜ್ವರ, ಧ್ವನಿಯ ಬದಲಾವಣೆ, ಕಫದಲ್ಲಿ ರಕ್ತ, ಮನಸ್ಸಿನ ಬೇಸರ ಹೀಗೆ. ಉತ್ತರ ಒಂದು ಮಿತಿ ಮೀರಿದರೆ ಡಾಕ್ಟರಿಗೆ ತಾನಾಗಿ ಸಂದೇಶ ಹೋಗುತ್ತದೆ. 2019ರಲ್ಲಿ ಪ್ರಕಟವಾದ ಅಂತಿಮ ಲೆಕ್ಕದಂತೆ, ಬದುಕಿದ ಅವಧಿಯ ಮಧ್ಯಮಾಂಕ ಮೊದಲ ಗುಂಪಿನಲ್ಲಿ 14.9 ತಿಂಗಳು, ಎರಡನೆಯದರಲ್ಲಿ 22.5 ತಿಂಗಳು. ಮಧ್ಯಮಾಂಕ ಎಂದರೆ ಗುಂಪಿನ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದರ್ಥ. ಹೊಸ ಔಷಧ ಕೊಟ್ಟು ಬಂದ ವ್ಯತ್ಯಾಸವಲ್ಲ ಇದು. ಕಾಯಿಲೆ ಮರುಕಳಿಸಿದ್ದು ಬೇಗ ತಿಳಿಯಿತು, ಮೈಯಲ್ಲಿ ಇನ್ನೂ ಶಕ್ತಿ ಇರುವಾಗಲೇ ಮುಂದಿನ ಚಿಕಿತ್ಸೆ ಶುರುವಾಯಿತು.

ನ್ಯೂಯಾರ್ಕಿನಲ್ಲಿ ಡಾ. ಈಥನ್ ಬ್ಯಾಶ್ ಅವರು ಬೇರೆ ಬೇರೆ ಕ್ಯಾನ್ಸರ್‌ಗಳ 766 ರೋಗಿಗಳಲ್ಲಿ ನಡೆಸಿದ ಇಂಥದೇ ಪ್ರಯೋಗದಲ್ಲಿ 26 ತಿಂಗಳಿಗೆ ಎದುರಾಗಿ 31.2 ತಿಂಗಳು ಬಂತು. ಅಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಬೇರೊಂದು ಅಂಶ. ಅದಕ್ಕೆ ಮೊದಲು ಕಂಪ್ಯೂಟರ್ ಬಳಸಿ ಅಭ್ಯಾಸವಿಲ್ಲದವರಿಗೇ ಅದರಿಂದ ಹೆಚ್ಚು ಪ್ರಯೋಜನವಾಯಿತು. ‘ನಮ್ಮ ವಯಸ್ಸಿನವರಿಗೆ ಇದೆಲ್ಲ ಆಗಿ ಬರುವುದಿಲ್ಲ’ ಎನ್ನುವ ನನ್ನ ಗೆಳೆಯರಿಗೆ ಇದನ್ನು ತೋರಿಸುತ್ತಿರುತ್ತೇನೆ. ಈ ಎರಡೂ ಪ್ರಯೋಗಗಳು ಅಳೆದದ್ದು ಕಳಂಕವನ್ನಲ್ಲ, ಆಯುಷ್ಯವನ್ನು. ಆದರೆ ಬಾಯಿಬಿಟ್ಟು ಹೇಳಿಕೊಳ್ಳುವುದರ ಬೆಲೆ ಎಷ್ಟು ಎಂಬುದು ಅವುಗಳಿಂದ ಗೊತ್ತಾಗುತ್ತದೆ. ಹೇಳಿಕೊಳ್ಳದಂತೆ ಬಾಯಿಗೆ ಬೀಗ ಹಾಕುವುದು ಕಳಂಕವೇ ಅಲ್ಲವೇ?

ಒಂದು ಮುಖ್ಯ ಮಾತು. ‘ಸೇದುತ್ತಿದ್ದಿರಾ?’ ಎಂಬ ಪ್ರಶ್ನೆಯನ್ನು ನೆರೆಹೊರೆಯವರು ಕೇಳಬಾರದು, ಡಾಕ್ಟರು ಕೇಳಲೇಬೇಕು. ಈ ಕಾಯಿಲೆಗೆ ಕೊಡುವ ಎರ್ಲೋಟಿನಿಬ್ ಎಂಬ ಮಾತ್ರೆಯ ಪ್ರಮಾಣ, ಸೇದುವವರ ರಕ್ತದಲ್ಲಿ ಬೇಗ ಇಳಿದುಹೋಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ದುಬಾರಿ ಔಷಧ ಕೆಲಸ ಮಾಡದೆ ಹೋಗಬಹುದು. ಕಾಯಿಲೆ ಬಂದ ಮೇಲೆ ಬಿಟ್ಟರೂ ಲಾಭವಿದೆ. ಎದುರು ಕೂತು ‘ಇನ್ನೂ ದಿನಕ್ಕೆರಡು ಸೇದುತ್ತೇನೆ’ ಎನ್ನಲಾಗದವರು ಫೋನಿನ ಫಾರಂನಲ್ಲಿ ಗುರುತು ಹಾಕಬಹುದು. ಬಿಡಲು ಸಹಾಯ ಬೇಕಾದವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಶ್ವಾಸಕೋಶದ ಕ್ಯಾನ್ಸರ್ ತಜ್ಞರ ಅಂತಾರಾಷ್ಟ್ರೀಯ ಸಂಘವು 2021ರಲ್ಲಿ ಭಾಷೆಯ ಬಗ್ಗೆ ಒಂದು ಮಾರ್ಗದರ್ಶಿ ಹೊರತಂದು, ರೋಗಿಗೆ ‘ಧೂಮಪಾನಿ’ ಎಂಬ ಹಣೆಪಟ್ಟಿ ಹಚ್ಚದೆ ‘ಧೂಮಪಾನ ಮಾಡುತ್ತಿದ್ದವರು’ ಎನ್ನಿ ಎಂದು ತನ್ನವರಿಗೇ ತಿಳಿಹೇಳಿತು. ಕನ್ನಡದಲ್ಲಿ ಆ್ಯಪ್ ಮಾಡುವವರೂ ಇದನ್ನು ಗಮನಿಸಬೇಕು. ‘ನಿಮಗೆ ದುಶ್ಚಟಗಳಿವೆಯೇ?’ ಎಂದು ಮೊದಲ ಪುಟದಲ್ಲೇ ಕೇಳಿದರೆ ಎರಡನೆಯ ಪುಟಕ್ಕೆ ಯಾರೂ ಹೋಗುವುದಿಲ್ಲ.

ತನ್ನನ್ನೇ ಶಪಿಸಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿರುವವರಿಗೆ ಪ್ರಶ್ನಾವಳಿ ಸಾಲದು, ಮಾತು ಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು. ಅದರ ಪ್ರಧಾನ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ ಕರೆ ಮಾಡಬಹುದು. ಭಾಷೆಗಳಲ್ಲಿ ಕನ್ನಡವೂ ಇದೆ. 2024ರಲ್ಲಿ ಅದರ ಆ್ಯಪ್ ಕೂಡ ಬಂದಿದೆ. ಮರಾಠಿ-ಹಿಂದಿಯಲ್ಲಿ ವ್ಯವಹಾರ ಮಾಡಿ ನಲವತ್ತು ವರ್ಷ ಕಳೆದವರಿಗೂ ಅಳು ಬರುವುದು ತಾಯಿನುಡಿಯಲ್ಲೇ. ಆರೈಕೆ ಮಾಡಿ ಸೋತ ಮನೆಯವರೂ ಇದಕ್ಕೆ ಕರೆ ಮಾಡಬಹುದು ಎಂಬುದು ಹಲವರಿಗೆ ಗೊತ್ತಿಲ್ಲ.

ಇನ್ನು ಎಚ್ಚರಿಕೆಯ ಮಾತು. ಇದು ನನ್ನ ಹಳೆಯ ವೃತ್ತಿಗೆ ಸೇರಿದ್ದು. ಆ್ಯಪ್ ಯಾವುದೆಂದು ಆಸ್ಪತ್ರೆಯವರನ್ನೇ ಕೇಳಿ, ಅವರು ಹೇಳಿದ್ದನ್ನು ಮಾತ್ರ ಹಾಕಿಕೊಳ್ಳಿ. ‘ಆಪರೇಷನ್ ಇಲ್ಲದೆ ಗುಣ’ ಎನ್ನುವುದನ್ನು, ಮೊದಲೇ ಹಣ ಕೇಳುವುದನ್ನು ಅಳಿಸಿಹಾಕಿ. ಕಾಯಿಲೆಯ ಪ್ರಶ್ನೆ ಕೇಳುವ ಆ್ಯಪ್‌ಗೆ ನಿಮ್ಮ ಫೋನಿನಲ್ಲಿರುವ ಎಲ್ಲರ ನಂಬರು ಏಕೆ ಬೇಕು? ಅನುಮತಿ ಕೊಡಬೇಡಿ. ಓಟಿಪಿ ಯಾರಿಗೂ ಹೇಳಬಾರದು, ಸಂಘದವರು ಎಂದು ಫೋನ್ ಮಾಡಿದವರಿಗೂ. ವರದಿಯ ಫೋಟೊವನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮುನ್ನ ರೋಗಿಯ ಒಪ್ಪಿಗೆ ಕೇಳಿ. ಒಮ್ಮೆ ಹೊರಟ ಫೋಟೊ ಯಾವ ಊರು ಸೇರುತ್ತದೋ ಹೇಳಲಾಗದು, ಕನಿಕರ ಹುಟ್ಟಿಸಿ ಹಣ ಎತ್ತುವವರ ಕೈಗೂ ಹೋಗಬಹುದು.

ಬೀಗ ಹಾಕಿದ ಪರದೆಯ ಮೇಲೂ ಸಂದೇಶದ ಮೊದಲ ಸಾಲು ಕಾಣುವಂತೆ ಬಹಳ ಫೋನುಗಳಲ್ಲಿ ಇರುತ್ತದೆ. ಲೋಕಲ್ ರೈಲಿನಲ್ಲಿ ಪಕ್ಕದವರ ಕಣ್ಣೆದುರೇ ‘ನಿಮ್ಮ ಕೀಮೋ ನಾಳೆ’ ಎಂದು ಮಿಂಚಿದರೆ, ಕಳಂಕ ಕಡಿಮೆ ಮಾಡಲು ತಂದದ್ದೇ ಅದನ್ನು ಹೆಚ್ಚಿಸಿದಂತಾಯಿತು. ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಎಂಬಲ್ಲಿ ಇದನ್ನು ಮರೆಮಾಡಬಹುದು. ಮನೆಯ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಎದೆ ಹಿಡಿದಂತಾದರೆ, ಉಸಿರು ಸಿಗದಿದ್ದರೆ, ಕೆಮ್ಮಿನಲ್ಲಿ ರಕ್ತ ಹೆಚ್ಚಿದರೆ ಫಾರಂ ತುಂಬುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹಾಗೆಯೇ ಮನೆಯಲ್ಲಿ ಲೋಟ-ತಟ್ಟೆ ಬೇರೆ ಇಡುವುದನ್ನು ದಯವಿಟ್ಟು ನಿಲ್ಲಿಸಿ. ಈ ಕಾಯಿಲೆ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ.

ನಮ್ಮಲ್ಲಿ ದೊಡ್ಡ ತೊಡಕು ಇರುವುದು ಆ್ಯಪ್‌ನಲ್ಲಲ್ಲ, ಫೋನಿನಲ್ಲಿ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನು, ಅದು ಮಗನ ಜೊತೆ ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ. ತಾಯಿಯ ಕೈಯಲ್ಲಿ ಗುಂಡಿಯ ಹಳೆಯ ಫೋನು. ಮಗನ ಫೋನಿನಲ್ಲಿ, ಮಗನ ಕೈಯಿಂದ ಉತ್ತರ ಒತ್ತಿಸುವುದಾದರೆ ಆಕೆ ಅಲ್ಲೂ ‘ಆರಾಮ ಇದ್ದೇನೆ’ ಎಂದೇ ಹೇಳುತ್ತಾರೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆಂದು ಊರಿನಿಂದ ಬಂದು ನೆಂಟರ ಮನೆಯಲ್ಲೋ ಧರ್ಮಶಾಲೆಯಲ್ಲೋ ಇಳಿದಿರುವವರ ಪಾಡು ಇನ್ನೂ ಕಷ್ಟದ್ದು. ಅವರು ಊರಿಗೆ ಮರಳಿದ ಮೇಲೆ ಮುಂದಿನ ತಪಾಸಣೆಯವರೆಗೆ ಡಾಕ್ಟರಿಗೂ ಅವರಿಗೂ ಇರುವ ಸೇತುವೆ ಆ ಫೋನೊಂದೇ.

ಆದ್ದರಿಂದ ಈ ಬಾರಿಯ ಮನವಿಯಲ್ಲಿ ಧನಸಹಾಯದ ಜೊತೆಗೆ ಹಳೆಯ ಸ್ಮಾರ್ಟ್‌ಫೋನುಗಳನ್ನೂ ಕೇಳುತ್ತಿದ್ದೇವೆ. ಪರದೆ ಒಡೆಯದಿರಲಿ, ಬ್ಯಾಟರಿ ಒಂದು ದಿನವಾದರೂ ನಿಲ್ಲಲಿ, ಚಾರ್ಜರ್ ಜೊತೆಗಿರಲಿ. ಕೊಡುವ ಮುನ್ನ ನಿಮ್ಮ ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ, ಬ್ಯಾಂಕಿನ ಮತ್ತು ಯುಪಿಐ ಆ್ಯಪ್‌ಗಳಿಂದ ಹೊರಬನ್ನಿ, ಗೂಗಲ್ ಖಾತೆಯನ್ನು ಮೊದಲು ತೆಗೆದು ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಮುಂದಿನವರಿಗೆ ಫೋನು ತೆರೆಯುವುದಿಲ್ಲ. ಅಕ್ಷರ ದೊಡ್ಡದು ಮಾಡಿ, ಕನ್ನಡ ಕೀಲಿಮಣೆ ಹಾಕಿ, ರೋಗಿಯ ಕೈಗೇ ಕೊಟ್ಟು ಕಲಿಸುವ ಕೆಲಸಕ್ಕೆ ನಮ್ಮ ಯುವ ವಿಭಾಗದವರು ಒಪ್ಪಿದ್ದಾರೆ. ಕಲಿಸುವಾಗ ಮನೆಯವರು ಸ್ವಲ್ಪ ಹೊತ್ತು ಹೊರಗಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರೆ ಅನುಕೂಲ.